ದುಃಖದ ಮನೆಯಲ್ಲೂ ಗೋದಲಿ

ಡಿಸೆಂಬರ್ ಮಾಸ ಕಾಲಿರಿಸಿತೆಂದರೆ ಕರಾವಳಿಯ ಕಥೊಲಿಕರ ಮನೆಗಳಲ್ಲಿ ಸಡಗರ ತಾನಾಗಿಯೇ ಮೂಡುತ್ತದೆ. ಅಂಗಳದಲ್ಲಿ ನಕ್ಷತ್ರ, ಜಗಲಿಯಲ್ಲಿ ಗೋದಲಿ, ಅಡುಗೆಮನೆಯಲ್ಲಿ ಕುಸ್ವಾರಿನ ಪರಿಮಳ. ಆದರೆ ಅದೇ ವರ್ಷ ಸಾವು ಹೊಕ್ಕು ಹೋದ ಮನೆಯವರು ಕ್ರಿಸ್ತ ಜಯಂತಿಯನ್ನು ಆಚರಿಸುವುದು ಹೇಗೆ? 2025ರಲ್ಲಿ ಈ ಪ್ರಶ್ನೆ ನಮ್ಮ ಮನೆಯೊಳಗೇ ಎದ್ದಿತು. ಆ ವರ್ಷದ ಸುಖದುಃಖಗಳನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ. ಅಂತಹುದೇ ವರ್ಷವನ್ನು ಕಂಡ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ ಇದ್ದಾವು ಎಂಬುದೇ ಇದಕ್ಕೆ ಕಾರಣ.

ಅದು ಜುಬಿಲಿ ವರ್ಷ. 2024ರ ಡಿಸೆಂಬರ್ 24ರ ರಾತ್ರಿ ಜಗದ್ಗುರು ಪೋಪ್ ಫ್ರಾನ್ಸಿಸರು ಗಾಲಿಕುರ್ಚಿಯಲ್ಲಿ ಕುಳಿತೇ ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದಾಗ ಅಪ್ಪ ದೂರದರ್ಶನದ ಮುಂದೆ ಕುಳಿತಿದ್ದರು. 'ನನ್ನ ಹಾಗೆ ಅವರಿಗೂ ಮಂಡಿನೋವು. ಆದರೂ ಬಾಗಿಲು ತೆರೆಯುವುದನ್ನು ಬಿಡಲಿಲ್ಲ' ಎಂದು ನಕ್ಕಿದ್ದರು. ನಾಲ್ಕು ತಿಂಗಳು ತುಂಬುವ ಮುನ್ನವೇ, ಪಾಸ್ಖದ ಮರುದಿನ, ಏಪ್ರಿಲ್ 21ರಂದು ಆ ಜಗದ್ಗುರುಗಳು ತಂದೆಯ ಮನೆಗೆ ತೆರಳಿದರು. ಅಷ್ಟರಲ್ಲಿ ಅಪ್ಪನೂ ಹಾಸಿಗೆ ಹಿಡಿದಿದ್ದರು.

ಜೂನ್ 23ರ ಮಧ್ಯಾಹ್ನ ಅಪ್ಪ ನಮ್ಮನ್ನಗಲಿದರು. ರೋಗಿಗಳ ಅಭ್ಯಂಗ ಸ್ವೀಕರಿಸಿದ್ದರು. ಅಮ್ಮನ ಕೈ ಅವರ ಕೈಯಲ್ಲಿತ್ತು. ಶಾಂತವಾದ ಮರಣವೆಂದೇ ಎಲ್ಲರೂ ಹೇಳಿದರು. ಕುವೈತಿನಲ್ಲಿ ದುಡಿಯುತ್ತಿದ್ದ ನಮ್ಮ ಕಿರಿಯ ಸೋದರ ಅದೇ ರಾತ್ರಿ ಹೊರಡುವ ವಿಮಾನಕ್ಕೆ ಟಿಕೆಟು ಪಡೆದಿದ್ದ. ಆದರೆ ಅಂದೇ ಸಂಜೆ ಕತಾರಿನಲ್ಲಿರುವ ಅಮೆರಿಕದ ಸೇನಾನೆಲೆಯತ್ತ ಇರಾನ್ ಕ್ಷಿಪಣಿಗಳನ್ನು ಹಾರಿಸಿತು. ಕತಾರ್, ಕುವೈತ್, ಬಹ್ರೈನ್ ದೇಶಗಳು ಕೆಲವು ಗಂಟೆಗಳ ಕಾಲ ತಮ್ಮ ವಾಯುಮಾರ್ಗಗಳನ್ನು ಮುಚ್ಚಿದವು. ಆತನ ವಿಮಾನ ಹೊರಡಲಿಲ್ಲ.

'ಒಂದು ದಿನ ತಡೆಯಿರಿ, 25ಕ್ಕೆ ಹೇಗಾದರೂ ಬಂದು ಸೇರುತ್ತೇನೆ' ಎಂದು ಆತ ಫೋನಿನಲ್ಲಿ ಅಂಗಲಾಚಿದ. ನಾವು ತಡೆಯಲಿಲ್ಲ. 24ರ ಸಂಜೆ ನಾಲ್ಕು ಗಂಟೆಗೆ ಅಂತ್ಯಕ್ರಿಯೆಯೆಂದು ಊರಿಗೆಲ್ಲ ತಿಳಿಸಿಯಾಗಿತ್ತು. ದೂರದ ನೆಂಟರು ಹೊರಟು ಬಿಟ್ಟಿದ್ದರು. ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಅಂತ್ಯಕ್ರಿಯೆಯನ್ನು ಮೊಬೈಲಿನ ಮೂಲಕ ಆತನಿಗೆ ನೇರವಾಗಿ ತೋರಿಸುವ ಏರ್ಪಾಡು ಮಾಡಿ, ಅದನ್ನೇ ದೊಡ್ಡ ಉಪಕಾರವೆಂದು ನಾವು ಭಾವಿಸಿದೆವು. ಆ ದಿನದ ನಂತರ ಆತ ಅಮ್ಮನೊಡನೆ ಮಾತ್ರ ಮಾತನಾಡುತ್ತಿದ್ದ. ನಮ್ಮೊಡನೆ ಮಾತು ನಿಂತುಹೋಯಿತು.

ದೇವರು ಒಂದು ಕೈಯಿಂದ ತೆಗೆದುಕೊಂಡರೆ ಇನ್ನೊಂದು ಕೈಯಿಂದ ಕೊಡುತ್ತಾನೆ ಎನ್ನುತ್ತಾರೆ ಹಿರಿಯರು. ಆಗಸ್ಟ್ ತಿಂಗಳಲ್ಲಿ ನಮ್ಮ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಾವು ಅಜ್ಜ ಅಜ್ಜಿಯರಾದೆವು, ಅಮ್ಮ ಮುತ್ತಜ್ಜಿಯಾದರು. ಎರಡು ತಿಂಗಳಿಂದ ಮೌನವಾಗಿದ್ದ ಮನೆಯಲ್ಲಿ ಮಗುವಿನ ಅಳು ಕೇಳಿದಾಗ ಅಮ್ಮ ಮೊದಲ ಬಾರಿಗೆ ನಕ್ಕರು. ಸೆಪ್ಟೆಂಬರ್ 8ರಂದು, ಕನ್ಯಾಮಾತೆಯ ಜನನೋತ್ಸವವಾದ ಮೊಂತಿ ಹಬ್ಬದಂದು, ಹೊಸ ತೆನೆಯನ್ನು ಆಶೀರ್ವದಿಸಿ ತಂದು ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತೆವು. ದೂರದಲ್ಲಿರುವವರಿಗೆ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವುದು ನಮ್ಮವರ ರೂಢಿ. ಪ್ರತಿವರ್ಷ ಅಪ್ಪ ಬರೆಯುತ್ತಿದ್ದ ಕುವೈತಿನ ವಿಳಾಸವನ್ನು ಆ ಬಾರಿ ನಾವು ಬರೆದೆವು. ಲಕೋಟೆ ತಲುಪಿತೆಂದು ಅಮ್ಮನಿಂದ ತಿಳಿಯಿತು. ನಮಗೆ ಉತ್ತರ ಬರಲಿಲ್ಲ.

ಹೀಗೆ ಆಗಮನ ಕಾಲ ಬಂದಿತು. ಶೋಕದ ವರ್ಷವಾದುದರಿಂದ ನಕ್ಷತ್ರ ಬೇಡ, ಗೋದಲಿ ಬೇಡ, ಕುಸ್ವಾರ್ ಬೇಡ ಎಂದು ನಾವೇ ತೀರ್ಮಾನಿಸಿದ್ದೆವು. ಆದರೆ ನವೆಂಬರ್ 30ರಂದು, ಆಗಮನ ಕಾಲದ ಮೊದಲನೆಯ ಭಾನುವಾರ, ಬಲಿಪೂಜೆ ಮುಗಿಸಿ ಬಂದಾಗ ಅಮ್ಮ ಹಳೆಯ ತಟ್ಟೆಯೊಂದರಲ್ಲಿ ಮಣ್ಣು ಹರಡಿ ಭತ್ತ ಬಿತ್ತುತ್ತಿದ್ದರು. ಗೋದಲಿಯ ಹಸಿರು ಗದ್ದೆಗಾಗಿ ಆ ಭತ್ತವನ್ನು ಪ್ರತಿವರ್ಷ ಬಿತ್ತುತ್ತಿದ್ದವರು ಅಪ್ಪ. ನಾವು ಏನೋ ಹೇಳಹೊರಟೆವು. ಅಮ್ಮ ತಲೆಯೆತ್ತದೆಯೇ ಹೇಳಿದರು: 'ಜೂನಿನಲ್ಲಿ ಅವನಿಗಾಗಿ ಒಂದು ದಿನ ಕಾಯಲಿಲ್ಲ. ಈಗಲಾದರೂ ಕಾಯೋಣ. ಅವನು ಬರುವಾಗ ಮನೆ ಕತ್ತಲಾಗಿರಬಾರದು.'

ಆ ಮಾತು ನಮ್ಮ ಎದೆಗೆ ನಾಟಿತು. ಅಂದು ರಾತ್ರಿಯೇ ಫೋನು ಮಾಡಿದೆವು. ಕಾರಣಗಳನ್ನು ಹೇಳಲಿಲ್ಲ, 'ತಪ್ಪಾಯಿತು, ಬಾ' ಎಂದಷ್ಟೇ ಹೇಳಿದೆವು. ಆಚೆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ 'ರಜೆ ಕೇಳುತ್ತೇನೆ' ಎಂದ.

ಡಿಸೆಂಬರ್ 23ರಂದು ಆತ ಬಂದ. ಮರುದಿನ, ಅಪ್ಪನನ್ನು ಮಣ್ಣು ಮಾಡಿ ಸರಿಯಾಗಿ ಆರು ತಿಂಗಳು ತುಂಬಿದ ದಿನ, ನಾವಿಬ್ಬರೂ ಅಮ್ಮನನ್ನು ನಡುವೆ ನಿಲ್ಲಿಸಿಕೊಂಡು ಸಮಾಧಿಯ ಬಳಿ ಮೊಂಬತ್ತಿ ಹಚ್ಚಿದೆವು. ಅಂದಿನ ತನಕ ಹೇಳದಿದ್ದ ಮಾತನ್ನು ಆತ ಅಲ್ಲಿ ಹೇಳಿದ. ನಾವು ಕಳುಹಿಸಿದ್ದ ಆ ನೇರ ಪ್ರಸಾರವನ್ನು ನೋಡಲು ಆತನಿಂದಾಗಿರಲಿಲ್ಲ. ಮೊಬೈಲನ್ನು ಆರಿಸಿ, ಕುವೈತಿನ ಪವಿತ್ರ ಕುಟುಂಬದ ದೇವಾಲಯದಲ್ಲಿ ಒಬ್ಬನೇ ಕುಳಿತು ಜಪಸರ ಹೇಳಿದ್ದನಂತೆ. ನಮ್ಮ ಜಾಣತನವೆಲ್ಲ ಆ ಒಂದು ಮಾತಿನ ಮುಂದೆ ಕರಗಿಹೋಯಿತು. ಆರು ತಿಂಗಳು ನಮ್ಮಿಂದ ಹೊರಬರದಿದ್ದ ಕಣ್ಣೀರು ಅಂದು ಬಂದಿತು.

ಜೂನ್ 24 ಸ್ನಾನಿಕ ಯೊವಾನ್ನರ ಜನನೋತ್ಸವ; ಕ್ರಿಸ್ತ ಜಯಂತಿಯ ಮುನ್ನಾದಿನಕ್ಕೆ ಸರಿಯಾಗಿ ಆರು ತಿಂಗಳ ಅಂತರ. ಗಬ್ರಿಯೇಲ ದೂತನು ಮರಿಯಮ್ಮನವರ ಬಳಿಗೆ ಬಂದಾಗ ಎಲಿಜಬೇತಮ್ಮನವರಿಗೆ ಆರನೆಯ ತಿಂಗಳೆಂದು ಸಂತ ಲೂಕರು ತಿಳಿಸುವುದರಿಂದ ಧರ್ಮಸಭೆ ಈ ದಿನಗಳನ್ನು ಹೀಗೆ ಆಚರಿಸುತ್ತದೆ. ಪಂಚಾಂಗದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೆವು. ಕಾಯುವುದರ ಅರ್ಥ ತಿಳಿದದ್ದು ಆ ವರ್ಷವೇ.

ಕುಸ್ವಾರ್ ಮಾಡಲು ಕೊನೆಗೂ ನಮಗೆ ಕೈ ಬರಲಿಲ್ಲ. ಪ್ರತಿವರ್ಷ ನಮ್ಮ ಮನೆಯಿಂದ ನೆವ್ರಿ, ಕಿಡಿಯೊ, ಕೊಕ್ಕಿಸಾಂ ಹೋಗುತ್ತಿದ್ದ ನೆರೆಯ ಹಿಂದೂ ಮನೆಯಿಂದ ಆ ಸಂಜೆ ಚಕ್ಕುಲಿ, ಉಂಡೆಗಳ ತಟ್ಟೆ ಬಂದಿತು. 'ಈ ವರ್ಷ ನಮ್ಮ ಸರದಿ' ಎಂದರು ಆ ಮನೆಯ ಅಕ್ಕ. ಅದೇ ನಮ್ಮ ಕುಸ್ವಾರ್ ಆಯಿತು.

ನಡುರಾತ್ರಿಯ ಬಲಿಪೂಜೆಯಿಂದ ಮರಳಿ ಬಂದ ಮೇಲೆ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಕೆಲಸ ಅಪ್ಪನದಾಗಿತ್ತು. ಅಮ್ಮ ಆ ಪುಟ್ಟ ಪ್ರತಿಮೆಯನ್ನು ಸೋದರನ ಕೈಗಿತ್ತರು. ನಾಲ್ಕು ತಿಂಗಳ ಕೂಸು ನಮ್ಮ ಮಗಳ ಹೆಗಲ ಮೇಲೆ ನಿದ್ರಿಸುತ್ತಿತ್ತು. ಭತ್ತದ ಸಸಿಗಳು ಗೇಣುದ್ದ ಬೆಳೆದಿದ್ದವು.

ಪ್ರಿಯ ವಾಚಕರೇ, ಮೊದಲ ಕ್ರಿಸ್ತ ಜಯಂತಿಯೂ ಕೇವಲ ಸಂತೋಷದ್ದಾಗಿರಲಿಲ್ಲ. ಛತ್ರದಲ್ಲಿ ಎಡೆ ದೊರೆಯಲಿಲ್ಲ. ಹೆರೋದನ ಕತ್ತಿಗೆ ಬೆತ್ಲೆಹೇಮಿನ ತಾಯಂದಿರು ಮಕ್ಕಳನ್ನು ಕಳೆದುಕೊಂಡರು. ಪವಿತ್ರ ಕುಟುಂಬ ರಾತ್ರೋರಾತ್ರಿ ಈಜಿಪ್ಟಿಗೆ ಓಡಬೇಕಾಯಿತು. ಗೋದಲಿಗೆ ದುಃಖ ಹೊಸತಲ್ಲ. ಆದುದರಿಂದ ಸಾವು ಕಂಡ ಮನೆಯವರು ಗೋದಲಿ ಕಟ್ಟಲು ಹಿಂಜರಿಯಬೇಕಾಗಿಲ್ಲ. ಹಿಂಜರಿಯಬೇಕಾದುದು ಮಾತು ಬಿಟ್ಟ ಒಡಹುಟ್ಟಿದವರನ್ನು ಹೊರಗಿಟ್ಟು ಅದನ್ನು ಕಟ್ಟುವುದಕ್ಕೆ.

2025ರ ಡಿಸೆಂಬರ್ 28 ಪವಿತ್ರ ಕುಟುಂಬದ ಹಬ್ಬದ ಭಾನುವಾರವಾಗಿತ್ತು. ಧರ್ಮಪ್ರಾಂತ್ಯಗಳಲ್ಲಿ ಜುಬಿಲಿ ವರ್ಷ ಮುಕ್ತಾಯಗೊಂಡದ್ದೂ ಅಂದೇ. ರೋಮಿನ ಪವಿತ್ರ ದ್ವಾರದ ತನಕ ಯಾತ್ರೆ ಮಾಡುವ ಭಾಗ್ಯ ನಮಗೆ ಒದಗಲಿಲ್ಲ. ಆದರೆ ಮುಚ್ಚಿಹೋಗಿದ್ದ ನಮ್ಮ ಮನೆಯ ಒಂದು ಬಾಗಿಲು ಆ ವರ್ಷ ಮುಗಿಯುವ ಮುನ್ನ ತೆರೆಯಿತು. ಅಂತಹ ಬಾಗಿಲು ನಿಮ್ಮ ಮನೆಯಲ್ಲೂ ಇದ್ದರೆ, ಮುಂದಿನ ಹಬ್ಬಕ್ಕೆ ಕಾಯದೆ ಇಂದೇ ತೆರೆಯಿರಿ. ಬಾಲಯೇಸು ನಿಮ್ಮೆಲ್ಲರ ಮನೆಗಳನ್ನು ಹರಸಲಿ.