ಎಕ್ಸ್‌ರೇಗೆ ಕಾಣದ ನೋವು: ನಾಲ್ಕು ತಾಲ್ಲೂಕುಗಳ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಒಟ್ಟು ಜನಸಂಖ್ಯೆ 10 ಲಕ್ಷದ ಆಸುಪಾಸಿನಲ್ಲಿದೆ. ಇವರಲ್ಲಿ 7 ಲಕ್ಷ ಮಂದಿ ವಯಸ್ಕರು ಎಂದು ಹಿಡಿಯೋಣ. ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಜಗತ್ತಿನ ಸಮೀಕ್ಷೆಗಳಲ್ಲಿ ಸರಾಸರಿ ಶೇ 2ರಿಂದ 3ರಷ್ಟು ಜನರಲ್ಲಿ ಕಂಡುಬಂದಿದೆ. ಶೇ 2ನ್ನೇ ತೆಗೆದುಕೊಂಡರೂ ಈ ನಾಲ್ಕು ತಾಲ್ಲೂಕುಗಳಲ್ಲಿ 14,000 ಬಾಧಿತರಿರಬೇಕು. ಬಾಂಗ್ಲಾದೇಶದ ಹಳ್ಳಿಗಾಡಿನಲ್ಲಿ ನಡೆದ ಸಮೀಕ್ಷೆಯೊಂದು ಶೇ 4.4 ಎಂದು ಹೇಳಿತ್ತು. ಆ ದರದಲ್ಲಿ ಸಂಖ್ಯೆ 30,800ಕ್ಕೆ ಏರುತ್ತದೆ. ಇದು ಮನೆಮನೆಗೆ ಹೋಗಿ ಮಾಡಿದ ಎಣಿಕೆಯಲ್ಲ, ಅಂದಾಜು. ಆದ್ದರಿಂದ ಮುಂದಿನ ಲೆಕ್ಕಕ್ಕೆಲ್ಲ ಕಡಿಮೆ ಸಂಖ್ಯೆಯಾದ 14,000ವನ್ನೇ ಇಟ್ಟುಕೊಂಡಿದ್ದೇನೆ.

ಈ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಇರುವುದಕ್ಕಿಂತ ಹೆಚ್ಚಾಗಿ ಗ್ರಹಿಸುತ್ತವೆ. ಮೈತುಂಬ ನೋವು ಮೂರು ತಿಂಗಳಿಗೂ ಮೀರಿ ಇರುತ್ತದೆ. ನಿದ್ದೆ ಮಾಡಿ ಎದ್ದರೂ ದಣಿವು ಹೋಗುವುದಿಲ್ಲ. ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ವರದಿಗಳು ಮಾತ್ರ ಸಹಜವಾಗಿರುತ್ತವೆ. ಬಾಧಿತರಲ್ಲಿ ಹೆಂಗಸರೇ ಹೆಚ್ಚು. ‘ಏನೂ ಇಲ್ಲ, ಸುಮ್ಮನೆ ಮೈಗಳ್ಳತನ’ ಎಂಬ ಮಾತು ಮನೆಯೊಳಗೆ ಹುಟ್ಟುವುದು ಆ ಸಹಜ ವರದಿಯಿಂದಲೇ.

ಈ ನಾಲ್ಕು ತಾಲ್ಲೂಕುಗಳಲ್ಲಿ, ಅದರಲ್ಲೂ ಪಾವಗಡದಲ್ಲಿ, ಇನ್ನೊಂದು ತೊಡಕಿದೆ. ಅದು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ವಿನಾಯಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಈ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ. ಬಾವಿ ಆಳಕ್ಕೆ ಇಳಿದಷ್ಟೂ ನೀರು ಕಲ್ಲಿನ ಸಂಪರ್ಕದಲ್ಲಿ ಹೆಚ್ಚು ಕಾಲ ಇದ್ದು ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ.

ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಬಿಸಿಲಿನಲ್ಲಿ ಕಡಲೆಕಾಯಿ ಕೀಳುವವರು ದಿನಕ್ಕೆ 4 ಲೀಟರ್ ಕುಡಿದರೆ ನೀರಿನಿಂದಲೇ 12 ಮಿಲಿಗ್ರಾಂ ಒಳಹೋಗುತ್ತದೆ. ಅದೇ ನೀರಿನಲ್ಲಿ ಬೇಯಿಸಿದ ಮುದ್ದೆ, ಸಾರು ಮತ್ತು ಟೀಯಿಂದ ಬರುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಲ್ಲ ಮೂಲಗಳೂ ಸೇರಿ ದಿನಕ್ಕೆ 6 ಮಿಲಿಗ್ರಾಂ ದಾಟಿದಾಗ ಮೂಳೆಗೆ ಅಪಾಯದ ಸೂಚನೆ ಕಾಣುತ್ತದೆ, 14 ಮಿಲಿಗ್ರಾಂ ಹೊತ್ತಿಗೆ ಅಪಾಯ ಸ್ಪಷ್ಟ. 12 ಎಂಬುದು ಮೊದಲ ಗೆರೆಯ ಎರಡು ಪಟ್ಟು.

ಮೂಳೆಯ ಫ್ಲೋರೋಸಿಸ್, ಅಂದರೆ ಮೂಳೆ ಮತ್ತು ಕೀಲುಗಳಲ್ಲಿ ಫ್ಲೋರೈಡ್ ಸೇರಿಕೊಳ್ಳುವ ಕಾಯಿಲೆ, ಶುರುವಾಗುವುದೂ ಸೊಂಟನೋವು, ಕೀಲುನೋವು ಮತ್ತು ಬೆಳಗಿನ ಬಿಗಿತದಿಂದ. ಆರಂಭದ ಹಂತದಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಹೀಗಾಗಿ ತಪ್ಪು ಎರಡೂ ದಿಕ್ಕಿನಲ್ಲಿ ಆಗುತ್ತದೆ. ಫ್ಲೋರೋಸಿಸ್ ಇದ್ದವರು ನೋವಿನ ಮಾತ್ರೆ ನುಂಗುತ್ತಾ ಅದೇ ನೀರು ಕುಡಿಯುತ್ತಾರೆ. ಫೈಬ್ರೊಮಯಾಲ್ಜಿಯ ಇದ್ದವರಿಗೆ ‘ಇದು ನೀರಿನ ಕಾಯಿಲೆ, ಎಲ್ಲರಿಗೂ ಇರೋದೇ’ ಎಂಬ ಉತ್ತರ ಸಿಗುತ್ತದೆ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಹೊಳೆ ನೀರು ಮನೆಮನೆಗೆ ತಲುಪಿದ ಮೇಲೂ ಮೈನೋವು ಉಳಿದವರಿಗೆ ಈ ಉತ್ತರ ಸಾಲದು. ತಪಾಸಣೆಯ ಏರ್ಪಾಡು ಆ ನೀರು ತಲುಪುವ ಮೊದಲೇ ಆಗಬೇಕು.

ತಪಾಸಣೆಗೆ ಬೇಕಾದದ್ದು ಒಂದು ಹಾಳೆ. ಫೈಬ್ರೊಮಯಾಲ್ಜಿಯ ಗುರುತಿಸುವ 1990ರ ಮಾನದಂಡದಲ್ಲಿ ವೈದ್ಯರು ದೇಹದ 18 ಜಾಗಗಳನ್ನು ಬೆರಳಿನಿಂದ ಒತ್ತಿ, 11ರಲ್ಲಿ ನೋವಿದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಅಭ್ಯಾಸವಾದ ಕೈ ಬೇಕು. 2010ರಲ್ಲಿ ಇದು ಪ್ರಶ್ನಾವಳಿಯಾಯಿತು, 2016ರಲ್ಲಿ ಪರಿಷ್ಕರಣೆಯಾಯಿತು. ಈಗ ಕೇಳುವುದು ಇಷ್ಟು: ಹಿಂದಿನ ಒಂದು ವಾರದಲ್ಲಿ 19 ಜಾಗಗಳ ಪೈಕಿ ಎಲ್ಲೆಲ್ಲಿ ನೋವಿತ್ತು? ಎಡ ಮತ್ತು ಬಲದ ಭುಜ, ಮೇಲ್ತೋಳು, ಮುಂಗೈ, ಪಿರ್ರೆ, ತೊಡೆ, ಮೊಣಕಾಲಿನ ಕೆಳಭಾಗ, ದವಡೆ ಸೇರಿ 14; ಕತ್ತು, ಎದೆ, ಹೊಟ್ಟೆ, ಬೆನ್ನಿನ ಮೇಲ್ಭಾಗ, ಸೊಂಟ ಸೇರಿ 5. ಜೊತೆಗೆ ದಣಿವು, ತೃಪ್ತಿ ಕೊಡದ ನಿದ್ದೆ, ಮರೆವು ಮುಂತಾದವಕ್ಕೆ 12 ಅಂಕ. ನೋವಿನ ಜಾಗ 7 ಅಥವಾ ಹೆಚ್ಚು ಇದ್ದು ಲಕ್ಷಣದ ಅಂಕ 5 ಮುಟ್ಟಿದರೆ, ಇಲ್ಲವೇ ಜಾಗ 4ರಿಂದ 6 ಇದ್ದು ಅಂಕ 9 ಮುಟ್ಟಿದರೆ, ಫೈಬ್ರೊಮಯಾಲ್ಜಿಯ ಎಂದು ಯೋಚಿಸಬೇಕು. ನೋವು ದೇಹದ ಒಂದೇ ಭಾಗದಲ್ಲಿರದೆ ಹರಡಿರಬೇಕು, ಮೂರು ತಿಂಗಳು ಕಳೆದಿರಬೇಕು. ಓದು ಬಾರದ ಅಜ್ಜಿಯೂ ಗೊಂಬೆಯ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದಾದ ಹಾಳೆ ಇದು. ಥೈರಾಯ್ಡ್, ವಿಟಮಿನ್ ಡಿ ಮತ್ತು ಈ ಸೀಮೆಯಲ್ಲಿ ಮೂತ್ರದ ಫ್ಲೋರೈಡ್ ಪರೀಕ್ಷೆಯನ್ನೂ ಇದರ ಜೊತೆಗೆ ಸೇರಿಸಬೇಕು. ಫ್ಲೋರೋಸಿಸ್ ಇದ್ದವರಿಗೂ ಫೈಬ್ರೊಮಯಾಲ್ಜಿಯ ಇರಬಹುದು. ಒಂದು ಸಿಕ್ಕಿತೆಂದು ಇನ್ನೊಂದರ ಹುಡುಕಾಟ ನಿಲ್ಲಬಾರದು.

ಈ ಹಾಳೆ ಇಲ್ಲದಿದ್ದಾಗ ಆಗುವ ಖರ್ಚನ್ನು ನೋಡೋಣ. ಯುರೋಪಿನ 6 ದೇಶಗಳು, ಮೆಕ್ಸಿಕೊ ಮತ್ತು ದಕ್ಷಿಣ ಕೊರಿಯಾದ 800 ರೋಗಿಗಳ ಸಮೀಕ್ಷೆ 2010ರಲ್ಲಿ ಪ್ರಕಟವಾಯಿತು. ಕಾಯಿಲೆಯ ಹೆಸರು ತಿಳಿಯಲು ಅವರಿಗೆ ಸರಾಸರಿ 2.3 ವರ್ಷ ಹಿಡಿದಿತ್ತು, 3.7 ವೈದ್ಯರನ್ನು ಕಂಡಿದ್ದರು. ಈ ಸಂಖ್ಯೆಯನ್ನು ನಮ್ಮ ಕೂಲಿಗೆ ಹೊಂದಿಸೋಣ. ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2024-25ರಲ್ಲಿ ₹349 ಇತ್ತು, 2025-26ರಲ್ಲಿ ₹370 ಆಯಿತು; ಏರಿಕೆ ಶೇ 6. ಒಬ್ಬ ವೈದ್ಯರಿಗೆ ಒಂದೇ ಭೇಟಿ, ಒಂದು ಭೇಟಿಗೆ ಒಂದು ದಿನದ ಕೂಲಿ ಎಂದರೂ 3.7 ವೈದ್ಯರಿಗೆ ₹1,369. ಜೊತೆಗೆ ಮನೆಯವರೊಬ್ಬರು ಬಂದರೆ ₹2,738. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರು ಸುಮಾರು 100 ಕಿ.ಮೀ. ಕೊರಟಗೆರೆಯವರಿಗೆ ಅದು 30 ಕಿ.ಮೀ.ನ ಒಳಗೆ, ಅರ್ಧ ದಿನದ ಕೆಲಸ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರ ಟಿಕೆಟ್ ಉಳಿಸಿದೆ, ಆದರೆ ಕೂಲಿಯನ್ನು ಉಳಿಸುವುದಿಲ್ಲ. ಖಾಸಗಿ ಬಸ್ ಹತ್ತಿದರೆ ಟಿಕೆಟ್ ಸಹ ಉಳಿಯದು. 14,000 ಬಾಧಿತರು ವರ್ಷದಲ್ಲಿ ಒಂದೇ ಒಂದು ದಿನದ ಕೂಲಿ ಕಳೆದುಕೊಂಡರೂ ನಷ್ಟ ₹51.80 ಲಕ್ಷ.

ಚಿಕಿತ್ಸೆಯಲ್ಲಿ ದುಬಾರಿ ಔಷಧಕ್ಕೆ ಮೊದಲ ಸ್ಥಾನವಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ದೇಹಕ್ಕೆ ಒಗ್ಗುವಷ್ಟು, ನಿಧಾನವಾಗಿ ಹೆಚ್ಚಿಸುವ ವ್ಯಾಯಾಮ. ಮಾತ್ರೆ ಬೇಕಾದಾಗ ವೈದ್ಯರು ಬರೆಯುವ ಅಮಿಟ್ರಿಪ್ಟಿಲಿನ್‌ನ ಕಡಿಮೆ ಡೋಸಿಗೆ ದಿನಕ್ಕೆ ₹5 ಮೀರದು. ವರ್ಷಕ್ಕೆ ₹1,825. ಶುದ್ಧ ನೀರಿನ ಘಟಕದಿಂದ ದಿನಕ್ಕೊಂದು 20 ಲೀಟರ್ ಕ್ಯಾನಿಗೆ ₹5ರಂತೆ ಕೊಟ್ಟರೂ ವರ್ಷಕ್ಕೆ ಅಷ್ಟೇ ಆಗುತ್ತದೆ. ಎರಡೂ ಸೇರಿ ₹3,650, ಅಂದರೆ ಸುಮಾರು 10 ದಿನದ ಕೂಲಿ. ಹಳ್ಳಿಯಲ್ಲಿ ಸುಲಭವಾಗಿ ಸಿಗುವ ನೋವಿನ ಇಂಜೆಕ್ಷನ್ ಈ ಕಾಯಿಲೆಗೆ ನಾಟುವುದಿಲ್ಲ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು. ದೇಹಕ್ಕೆ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧವನ್ನು ಹೊರಹಾಕುವುದೂ ಮೂತ್ರಪಿಂಡವೇ. ಫ್ಲೋರೈಡ್ ನೀರಿನ ಊರಿನಲ್ಲಿ ಆ ಇಂಜೆಕ್ಷನ್ನಿನ ಅಪಾಯ ಹೆಚ್ಚು.

ನೆರವಿನ ಕಡೆಯ ಲೆಕ್ಕ ಹೀಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದ ರಕ್ಷೆ ಕೊಡುತ್ತದೆ. ಅದು ಮುಖ್ಯವಾಗಿ ದಾಖಲಾಗುವ ರೋಗಿಗಳಿಗೆ. ಫೈಬ್ರೊಮಯಾಲ್ಜಿಯದವರು ದಾಖಲಾಗುವುದು ವಿರಳ. ಅವರಿಗೆ ಬೇಕಾದ ವಾರ್ಷಿಕ ₹1,825ರ ಮಾತ್ರೆ ಆ ರಕ್ಷೆಯ ಶೇ 0.365 ಮಾತ್ರ. ಅದು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಕೈಯಿಂದ. ಅಂಗವಿಕಲರ ಮಾಸಾಶನಕ್ಕೆ ಕನಿಷ್ಠ ಶೇ 40ರ ಪ್ರಮಾಣಪತ್ರ ಬೇಕು. 1995ರ ಕಾಯ್ದೆಯಲ್ಲಿ 7 ಇದ್ದ ಅಂಗವೈಕಲ್ಯದ ವರ್ಗಗಳು 2016ರ ಕಾಯ್ದೆಯಲ್ಲಿ 21 ಆದವು. ಫ್ಲೋರೋಸಿಸ್‌ನಿಂದ ಬೆನ್ನು ಬಾಗಿದವರನ್ನು ಚಲನ ವೈಕಲ್ಯದ ವರ್ಗದಲ್ಲಿ ಅಳೆಯಬಹುದು. ಫೈಬ್ರೊಮಯಾಲ್ಜಿಯ ಆ 21ರಲ್ಲಿ ಇಲ್ಲ.

ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬ ನಿಯಮದಂತೆ ಈ ನಾಲ್ಕು ತಾಲ್ಲೂಕುಗಳಿಗೆ ಸುಮಾರು 1,000 ಆಶಾಗಳು. 14,000 ಬಾಧಿತರನ್ನು ಹಂಚಿದರೆ ಒಬ್ಬ ಆಶಾಗೆ 14 ಮಂದಿ. 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ ಒಂದು ಕೇಂದ್ರಕ್ಕೆ 420. ಬಿ.ಪಿ., ಸಕ್ಕರೆ ಕಾಯಿಲೆಗಾಗಿ ಆಶಾಗಳು ಈಗಲೂ ಮನೆಮನೆಗೆ ಹೋಗಿ ಫಾರಂ ತುಂಬುತ್ತಾರೆ. ಅದರ ಜೊತೆ 19 ಜಾಗಗಳ ಈ ಹಾಳೆಯನ್ನು ಕನ್ನಡದಲ್ಲಿ, ಪಾವಗಡದ ಗಡಿ ಊರುಗಳಿಗೆ ತೆಲುಗಿನಲ್ಲೂ, ಅಚ್ಚು ಹಾಕಿಸಿ ಕೊಡಬಹುದು. ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ಗೌರವಧನ ಕೊಡಬೇಕು. ಒಂದು ಹಾಳೆಗೆ ₹20 ಎಂದರೆ 14,000 ಮಂದಿಗೆ ₹2.80 ಲಕ್ಷ, ಬಹುಕಾಲದ ಮೈನೋವಿದೆ ಎನ್ನುವವರನ್ನಷ್ಟೇ ಕೇಳಿ, ಒಬ್ಬ ಬಾಧಿತರನ್ನು ಗುರುತಿಸಲು ಅಂಥ ಐವರನ್ನು ಕೇಳಬೇಕಾದರೂ ₹14 ಲಕ್ಷ. ಒಂದು ದಿನದ ಕೂಲಿ ನಷ್ಟ ₹51.80 ಲಕ್ಷದ ಎದುರು ಇದು ಶೇ 27. ಫೈಬ್ರೊಮಯಾಲ್ಜಿಯ ಅರಿವಿನ ದಿನ ಮೇ 12. ಮುಂಗಾರು ಬಿತ್ತನೆಗೆ ಮುಂಚಿನ ಆ ವಾರಗಳಲ್ಲಿ ಜನ ಊರಲ್ಲೇ ಸಿಗುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿಗಳು ಮೊದಲ ಸುತ್ತನ್ನು ಆಗಲೇ ಇಟ್ಟುಕೊಳ್ಳಬಹುದು.