ಕ್ಲೀವ್‌ಲೆಂಡ್ ಆಟಗಾರರ ಮನವಿ

1940ನೆಯ ಇಸವಿಯ ಜೂನ್ 14ನೆಯ ತಾರೀಖು ಜರ್ಮನರ ಸೈನ್ಯವು ಪ್ಯಾರಿಸ್ ನಗರವನ್ನು ಹೊಕ್ಕಿತು. ಅದೇ ದಿನ ಅಮೆರಿಕದ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ‘ಪ್ಲೇನ್ ಡೀಲರ್’ ಪತ್ರಿಕೆಯನ್ನು ಬಿಡಿಸಿದವರ ಕಣ್ಣಿಗೆ ಮೊದಲನೆಯ ಪುಟದಲ್ಲಿಯೇ ಇನ್ನೊಂದು ಸುದ್ದಿಯೂ ದಪ್ಪಕ್ಷರಗಳಲ್ಲಿ ಬಿದ್ದಿತು. ಊರಿನ ಬೇಸ್‌ಬಾಲ್ ತಂಡದ ಆಟಗಾರರು ಹಿಂದಿನ ದಿನ ಮಾಲಿಕರ ಕಛೇರಿಗೆ ನಿಯೋಗ ಹೋಗಿ, ತಮ್ಮ ಮ್ಯಾನೇಜರನ್ನು ಕೆಲಸದಿಂದ ತೆಗೆಯಬೇಕೆಂದು ಬೇಡಿಕೊಂಡಿದ್ದರೆಂಬುದೇ ಆ ಸುದ್ದಿ. ರಾಜ್ಯಗಳು ಮುಳುಗುತ್ತಿದ್ದಾಗ ಚೆಂಡಾಟದ ಜಗಳಕ್ಕೆ ಇಷ್ಟು ಸ್ಥಳವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆದರೂ ಆ ಜಗಳವನ್ನು ನಿಧಾನವಾಗಿ ನೋಡಿದರೆ, ಮೇಲಧಿಕಾರಿಯೊಬ್ಬನ ಕೈಕೆಳಗೆ ದುಡಿದ ಪ್ರತಿಯೊಬ್ಬನಿಗೂ, ನಾಲ್ಕು ಮಂದಿಯ ಮೇಲೆ ಅಧಿಕಾರ ನಡೆಯಿಸಿದ ಪ್ರತಿಯೊಬ್ಬನಿಗೂ ಪರಿಚಿತವಾದ ಸಂಗತಿಗಳು ಅದರಲ್ಲಿ ಕಾಣುತ್ತವೆ.

ನಮ್ಮಲ್ಲಿ ಕ್ರಿಕೆಟ್ಟನ್ನು ಬಲ್ಲವರು ಬಹು ಮಂದಿ. ಬೇಸ್‌ಬಾಲನ್ನು ಬಲ್ಲವರು ವಿರಳ. ಆದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ರಿಕೆಟ್ ತಂಡದ ನಾಯಕನು ತಾನೂ ಬಿಸಿಲಿನಲ್ಲಿ ನಿಂತು ಆಡುತ್ತಾನೆ. ಕ್ಯಾಚು ಬಿಟ್ಟರೆ ಅವನಿಗೂ ನಾಚಿಕೆ. ಬೇಸ್‌ಬಾಲಿನ ಮ್ಯಾನೇಜರನಾದರೋ ಆಟಗಾರರ ಉಡುಪನ್ನೇ ತೊಟ್ಟಿದ್ದರೂ ಸಾಧಾರಣವಾಗಿ ಬೆಂಚಿನ ಮೇಲೆಯೇ ಇರತಕ್ಕವನು. ಯಾರು ಆಡಬೇಕು, ಯಾರು ಕೂಡಬೇಕು, ಚೆಂಡೆಸೆಯುವವನನ್ನು ಯಾವಾಗ ಬದಲಿಸಬೇಕು, ಓಡುವವನು ಯಾವಾಗ ಓಡಬೇಕು ಎಂಬುದೆಲ್ಲವನ್ನೂ ಅವನು ಅಲ್ಲಿಂದಲೇ ಸಂಜ್ಞೆಗಳ ಮೂಲಕ ತಿಳಿಸುತ್ತಾನೆ. ವರ್ಷಕ್ಕೆ ಆಗ 154 ಆಟಗಳು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಒಂದೇ ರೈಲಿನಲ್ಲಿ ಪ್ರಯಾಣ, ಒಂದೇ ಹೋಟೆಲಿನಲ್ಲಿ ವಾಸ. ಬೆಂಚಿನ ಮೇಲೆ ಆಡಿದ ಮಾತು ಹತ್ತು ಮಂದಿಯ ಕಿವಿಗೆ ಬೀಳದೆ ಹೋಗುವುದಿಲ್ಲ. ಈ ಇಕ್ಕಟ್ಟಿನಲ್ಲಿ ಮ್ಯಾನೇಜರನಿಗಿರುವ ಬಂಡವಾಳವು ಒಂದೇ: ಆಟಗಾರರ ವಿಶ್ವಾಸ.

ಕ್ಲೀವ್‌ಲೆಂಡ್ ತಂಡಕ್ಕೆ ಆಗ ‘ಇಂಡಿಯನ್ಸ್’ ಎಂದು ಹೆಸರು. ಅಮೆರಿಕದ ಮೂಲನಿವಾಸಿಗಳನ್ನು ಸೂಚಿಸುತ್ತಿದ್ದ ಆ ಹೆಸರಿಗೂ ನಮಗೂ ಸಂಬಂಧವಿಲ್ಲ. ಕೊಲಂಬಸನ ತಪ್ಪೆಣಿಕೆಯ ಫಲ ಅದು. ಆ ಜನರ ಆಕ್ಷೇಪಣೆಯನ್ನು ಕೊನೆಗೆ ಮನ್ನಿಸಿ 2022ರ ವರ್ಷದ ಆಟಗಳಿಂದ ತಂಡವು ‘ಗಾರ್ಡಿಯನ್ಸ್’ ಎಂದು ಕರೆಯಿಸಿಕೊಳ್ಳುತ್ತಿದೆ. ಈ ತಂಡವು ತನ್ನ ಲೀಗಿನಲ್ಲಿ ಪ್ರಥಮಸ್ಥಾನವನ್ನು ಪಡೆದದ್ದು 1920ರಲ್ಲಿ. ಆಮೇಲೆ ಇಪ್ಪತ್ತು ವರ್ಷ ಇಲ್ಲ. ಮ್ಯಾನೇಜರರು ಬಂದರು, ಹೋದರು. ಚೆಂಡೆಸೆತದಲ್ಲಿ ಜಗತ್ಪ್ರಸಿದ್ಧರಾದ ವಾಲ್ಟರ್ ಜಾನ್ಸನ್ನರೇ 1935ರಲ್ಲಿ, ತಮಗೆ ವಿರೋಧಿಗಳೆಂದು ಇಬ್ಬರು ಹಳೆಯ ಆಟಗಾರರನ್ನು ತಂಡದಿಂದ ದೂರ ಮಾಡಿ, ಅದೇ ವರ್ಷ ತಾವೂ ಆ ಸ್ಥಾನವನ್ನು ಬಿಟ್ಟು ಹೊರಡಬೇಕಾಯಿತು. ಅಂತಹ ಊರಿಗೆ 1938ರಲ್ಲಿ ಆಸ್ಕರ್ ವಿಟ್ ಎಂಬವರು ಮ್ಯಾನೇಜರರಾಗಿ ಬಂದರು.

ವಿಟ್ಟರು ಅಸಮರ್ಥರೆಂದು ತಿಳಿಯಬಾರದು. ತಾವೇ ಹತ್ತು ವರ್ಷ ದೊಡ್ಡ ಲೀಗಿನಲ್ಲಿ ಆಡಿದ್ದವರು. ಹಿಂದಿನ ವರ್ಷ, ಎಂದರೆ 1937ರಲ್ಲಿ, ನ್ಯೂಯಾರ್ಕ್ ಯಾಂಕೀಸರ ಕೈಕೆಳಗಿನ ನ್ಯೂವಾರ್ಕ್ ತಂಡವನ್ನು ನಡೆಯಿಸಿ 109 ಆಟಗಳನ್ನು ಗೆದ್ದು, ಎರಡನೆಯ ಸ್ಥಾನದವರಿಗಿಂತ ಇಪ್ಪತ್ತೈದೂವರೆ ಆಟಗಳಷ್ಟು ಮುಂದೆ ನಿಂತಿದ್ದರು. ಕಿರಿಯ ಲೀಗುಗಳ ಇತಿಹಾಸದಲ್ಲಿ ಅಂತಹ ತಂಡಗಳು ಬಹಳವಿಲ್ಲ. ಈ ವಿಜಯವೇ ಅವರಿಗೆ ಕ್ಲೀವ್‌ಲೆಂಡಿನ ಬಾಗಿಲನ್ನು ತೆರೆಯಿತು. ಈ ವಿಜಯವೇ ಅವರಿಗೆ ಅಲ್ಲಿ ಶತ್ರುವೂ ಆಯಿತು. ಮಾತುಮಾತಿಗೂ ನ್ಯೂವಾರ್ಕಿನ ಹುಡುಗರ ಪ್ರಸ್ತಾಪ. ಅವರು ಹೀಗೆ ಆಡುತ್ತಿದ್ದರು, ಅವರಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಹೋಲಿಕೆ. ಮದುವೆಯಾಗಿ ಬಂದ ಹೆಂಡತಿಯ ಮುಂದೆ ಸತ್ತ ಮೊದಲನೆಯವಳ ಅಡಿಗೆಯನ್ನು ದಿನವೂ ಹೊಗಳುವ ಗಂಡನಂತೆ ವಿಟ್ಟರು ನಡೆದುಕೊಂಡರು. ಇದನ್ನು ಸಹಿಸುವ ಸಂಸಾರವು ಎಲ್ಲಿಯೂ ಇಲ್ಲ.

ಇದಕ್ಕಿಂತ ಹೆಚ್ಚಿನ ದೋಷ ಇನ್ನೊಂದಿದ್ದಿತು. ಆಟಗಾರನಲ್ಲಿ ತಪ್ಪು ಕಂಡರೆ ಅದನ್ನು ಅವನಿಗೆ ಹೇಳುವುದಕ್ಕೆ ಬದಲಾಗಿ ಅವರು ಬೇರೆಯವರಿಗೆ ಹೇಳುತ್ತಿದ್ದರು. ಪತ್ರಿಕೆಯವರಿಗೆ ಹೇಳುವರು, ಎದುರು ತಂಡದವರಿಗೂ ಹೇಳುವರು, ಬೆಂಚಿನ ಮೇಲೆ ಕುಳಿತ ಉಳಿದವರಿಗೆ ಕೇಳುವಂತೆ ಹೇಳುವರು. ಹಾಗೆ ಹೇಳಿ, ಅದೇ ಆಟಗಾರನು ಹತ್ತಿರ ಬಂದಾಗ ಬೆನ್ನು ತಟ್ಟುವರು. ಕಠಿಣನಾದ ಯಜಮಾನನನ್ನು ಜನರು ಸಹಿಸುತ್ತಾರೆ. ಗದರಿಸುವವನನ್ನು ಕೆಲವು ವೇಳೆ ಪ್ರೀತಿಸುವುದೂ ಉಂಟು. ಎದುರಿಗೆ ಒಂದು, ಹಿಂದೆ ಒಂದು ಆಡುವವನನ್ನು ಮಾತ್ರ ಯಾರೂ ನಂಬಲಾರರು. ಏಕೆಂದರೆ ಅವನ ಹೊಗಳಿಕೆಗೂ ಆಮೇಲೆ ಬೆಲೆಯುಳಿಯುವುದಿಲ್ಲ.

1940ರ ವರ್ಷವಾದರೋ ಶುಭವಾಗಿಯೇ ಆರಂಭವಾಯಿತು. ಏಪ್ರಿಲ್ 16ರಂದು ಷಿಕಾಗೋದಲ್ಲಿ ನಡೆದ ಮೊದಲನೆಯ ಆಟದಲ್ಲಿಯೇ ಬಾಬ್ ಫೆಲರ್ ಎಂಬ ಇಪ್ಪತ್ತೊಂದು ವರ್ಷದ ಹುಡುಗನು ಎದುರಾಳಿಗಳಿಗೆ ಒಂದೇ ಒಂದು ಹಿಟ್ಟನ್ನೂ ಕೊಡದೆ 1–0ರಿಂದ ಗೆಲ್ಲಿಸಿದನು. ಅಯೋವಾ ಸಂಸ್ಥಾನದ ಬೇಸಾಯಗಾರನ ಮಗ. ಅವನ ಚೆಂಡಿನ ವೇಗಕ್ಕೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. ಆ ವರ್ಷ ಅವನು ಗೆದ್ದದ್ದು 27 ಆಟಗಳನ್ನು. ಇಂತಹ ರತ್ನವು ಕೈಯಲ್ಲಿದ್ದುದರಿಂದ ಇಪ್ಪತ್ತು ವರ್ಷದ ಬರವು ಈ ಸಲ ತೀರುವುದೆಂದು ಊರೆಲ್ಲ ನಂಬಿದ್ದಿತು.

ಜೂನ್ ತಿಂಗಳಲ್ಲಿ ತಂಡವು ಬಾಸ್ಟನ್ನಿಗೆ ಹೋದಾಗ ಕಟ್ಟೆಯೊಡೆಯಿತು. ಫೆಲರನ ಚೆಂಡನ್ನು ಬಾಸ್ಟನ್ನಿನವರು ಮನಬಂದಂತೆ ಹೊಡೆಯುತ್ತಿದ್ದಾಗ ವಿಟ್ಟರು ಬೆಂಚಿನ ಮುಂದೆ ಅತ್ತಿಂದಿತ್ತ ತಿರುಗಾಡುತ್ತ, ಇವನನ್ನು ನಂಬಿಕೊಂಡು ತಾನು ಲೀಗನ್ನು ಗೆಲ್ಲಬೇಕೇ ಎಂಬ ಅರ್ಥ ಬರುವಂತೆ ಎಲ್ಲರೆದುರಿಗೂ ಹಳಿದರು. ಮರುದಿನ ಮೆಲ್ ಹಾರ್ಡರರ ಸರದಿ. ಹಾರ್ಡರರು 1928ರಿಂದ ಅದೇ ತಂಡದಲ್ಲಿ ದುಡಿದವರು, ಮಿತಭಾಷಿಗಳು, ಯಾರ ತಂಟೆಗೂ ಹೋಗದವರು. ಅವರು ಸೋತು ಬೆಂಚಿಗೆ ಬಂದಾಗ, ತೆಗೆದುಕೊಳ್ಳುವ ಸಂಬಳಕ್ಕೆ ತಕ್ಕ ಕೆಲಸವನ್ನು ಯಾವಾಗ ಮಾಡುವೆ ಎಂದು ವಿಟ್ಟರು ಕೇಳಿದರಂತೆ. ಹನ್ನೆರಡು ವರ್ಷದ ಸೇವೆಯುಳ್ಳ ಮನುಷ್ಯನಿಗೆ ಕಿರಿಯರ ಸಮಕ್ಷಮದಲ್ಲಿ ಆಡಿದ ಈ ಮಾತು ಎಷ್ಟು ಆಳಕ್ಕೆ ಇಳಿಯುವುದೆಂಬುದನ್ನು ಕಛೇರಿಗಳಲ್ಲಿ ತಲೆ ನರೆತವರಿಗೆ ನಾವು ವಿವರಿಸಬೇಕಾದುದಿಲ್ಲ.

ಜೂನ್ 13ರಂದು ತಂಡವು ಊರಿಗೆ ಹಿಂದಿರುಗಿದೊಡನೆ ಹತ್ತು ಹನ್ನೆರಡು ಮಂದಿ ಮಾಲಿಕರಾದ ಆಲ್ವಾ ಬ್ರಾಡ್ಲಿಯವರ ಕಛೇರಿಗೆ ಹೋದರು. ಮುಂದಾಳು ಹಾರ್ಡರರೇ. ಈ ಮ್ಯಾನೇಜರರಿರುವವರೆಗೆ ತಾವು ಗೆಲ್ಲಲಾರೆವು, ಇವರು ಹೋದರೆ ಗೆಲ್ಲಬಲ್ಲೆವು ಎಂದು ಅವರು ಬಿನ್ನವಿಸಿದರು. ತಾಯಿ ತೀರಿಕೊಂಡುದರಿಂದ ಹಾಲ್ ಟ್ರಾಸ್ಕಿ ಎಂಬ ಹಿರಿಯ ಆಟಗಾರರು ಊರಿಗೆ ಹೋಗಿದ್ದರು. ಅವರೂ ಟೆಲಿಫೋನಿನಲ್ಲಿ ತಮ್ಮ ಸಮ್ಮತಿಯನ್ನು ತಿಳಿಸಿದರು. ತಂಡಕ್ಕೆ ಹೊಸಬರಾಗಿದ್ದ ಲೂ ಬೂಡ್ರೊ ಮೊದಲಾದವರನ್ನು ಮಾತ್ರ ಹಿರಿಯರು ಈ ಗೋಜಿಗೆ ಎಳೆಯಲಿಲ್ಲ. ಈ ಒಂದು ವಿವೇಕವನ್ನು ಅವರ ಲೆಕ್ಕಕ್ಕೆ ಜಮೆ ಹಾಕಲೇಬೇಕು.

ಮನಸ್ಸಿಗೆ ಒಗ್ಗದಿದ್ದರೆ ಬೇರೆ ತಂಡಕ್ಕೆ ಹೋಗಬಾರದಾಗಿತ್ತೇ ಎಂದು ವಾಚಕರು ಕೇಳಬಹುದು. ಹೋಗುವಂತಿರಲಿಲ್ಲ. ಆಗಿನ ಕರಾರಿನ ಒಂದು ಷರತ್ತಿನಂತೆ, ವರ್ಷವು ಮುಗಿದರೂ ಆಟಗಾರನ ಮೇಲಿನ ಹಕ್ಕು ಮಾಲಿಕನಿಗೇ ಉಳಿಯುತ್ತಿದ್ದಿತು. ಮಾಲಿಕನು ಅವನನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು. ಅವನಾಗಿ ಬಿಟ್ಟು ಬೇರೊಬ್ಬರಲ್ಲಿ ಸೇರುವಂತಿಲ್ಲ. ಆಡು, ಇಲ್ಲವೇ ಆಟವನ್ನೇ ಬಿಡು. ಈ ಕಟ್ಟು ಸಡಿಲವಾದದ್ದು 1975ರಲ್ಲಿ ಒಬ್ಬ ಮಧ್ಯಸ್ಥರು ಕೊಟ್ಟ ತೀರ್ಪಿನಿಂದ. ಮಾಲಿಕರೊಡನೆ ಕುಳಿತು ಮಾತನಾಡಬಲ್ಲ ಆಟಗಾರರ ಸಂಘವೂ 1940ರಲ್ಲಿ ಇರಲಿಲ್ಲ. ರಾಜೀನಾಮೆಯ ಸ್ವಾತಂತ್ರ್ಯವೂ ಇಲ್ಲದ, ಸಂಘದ ಬಲವೂ ಇಲ್ಲದ ನೌಕರನಿಗೆ ಉಳಿಯುವುದು ಯಜಮಾನನ ಬಾಗಿಲನ್ನು ತಟ್ಟಿ ಮನವಿಯೊಪ್ಪಿಸುವ ದಾರಿಯೊಂದೇ. ಅದನ್ನು ದಂಗೆಯೆಂದು ಪತ್ರಿಕೆಗಳು ಕರೆದವು. ಕೈಕೆಳಗಿನವರು ಒಟ್ಟಾಗಿ ಮೇಲಿನವರ ಬಳಿಗೆ ಹೋದರೆ ಅದಕ್ಕೆ ದಂಗೆಯೆಂಬ ಹೆಸರು ಯಾವ ದೇಶದಲ್ಲಿಯೂ ಸುಲಭವಾಗಿ ದೊರೆಯುತ್ತದೆ.

ಬ್ರಾಡ್ಲಿಯವರು ಸಭ್ಯರು, ಹಣವಂತರು. ಎಲ್ಲವನ್ನೂ ಕೇಳಿಕೊಂಡು, ಈ ವಿಷಯವು ಹೊರಗೆ ಹೋಗಬಾರದೆಂದು ಎಚ್ಚರಿಸಿ ಕಳುಹಿಸಿದರು. ಅದು ಮರುದಿನದ ಪತ್ರಿಕೆಗೇ ಹೋಯಿತು. ಆಗ ಅವರ ಮುಂದೆ ಎರಡು ದಾರಿಗಳಿದ್ದವು. ದೂರು ನಿಜವಾಗಿದ್ದರೆ ವಿಟ್ಟರನ್ನು ಗೌರವದಿಂದ ಕಳುಹಿಸಿಕೊಡಬೇಕು. ಸುಳ್ಳಾಗಿದ್ದರೆ ವಿಟ್ಟರ ಪಕ್ಕದಲ್ಲಿ ನಿಂತು ಇವರೇ ಇಲ್ಲಿ ಯಜಮಾನರೆಂದು ಸಾರಬೇಕು. ಅವರು ಎರಡನ್ನೂ ಮಾಡಲಿಲ್ಲ. ಮ್ಯಾನೇಜರರು ಹಾಗೆಯೇ ಉಳಿದರು. ಎರಡು ಮೂರು ದಿನಗಳಲ್ಲಿ 21 ಮಂದಿ ಆಟಗಾರರು ತಮ್ಮ ಮಾತನ್ನು ಹಿಂತೆಗೆದುಕೊಂಡಿರುವುದಾಗಿ ಒಂದು ಕಾಗದಕ್ಕೆ ರುಜು ಹಾಕಿದರು. ರುಜು ಬಿದ್ದಿತು, ಮನಸ್ಸು ಬದಲಾಗಲಿಲ್ಲ. ತರುವಾಯ ಬ್ರಾಡ್ಲಿಯವರು ಬರೆದ ಖಾಸಗಿ ಟಿಪ್ಪಣಿಯೊಂದು ಕೆಲವು ವರ್ಷಗಳ ಮೇಲೆ ಬೆಳಕಿಗೆ ಬಂದಿತು. ತಾವು ವಿಚಾರಿಸಿದಲ್ಲಿ ಆಟಗಾರರು ಹೊರಿಸಿದ ಆರೋಪಗಳೆಲ್ಲ ಪೂರ್ತಿಯಾಗಿ ನಿಜವೆಂದು ಕಂಡುಬಂದಿತೆಂದು ಅದರಲ್ಲಿ ಅವರೇ ಒಪ್ಪಿಕೊಂಡಿದ್ದಾರೆ! ನಮ್ಮ ಅಭಿಪ್ರಾಯದಲ್ಲಿ ಈ ಕಥೆಯ ಮುಖ್ಯ ಅಪರಾಧಿ ವಿಟ್ಟರಲ್ಲ. ನಾಲಗೆಯ ಮೇಲೆ ಹಿಡಿತವಿಲ್ಲದಿರುವುದು ಸ್ವಭಾವದೋಷ. ಸತ್ಯವನ್ನು ತಿಳಿದೂ ಮೇಜಿನೊಳಗಿಟ್ಟು ಬೀಗ ಹಾಕುವುದು ಕರ್ತವ್ಯಲೋಪ. ಜೂನ್ ತಿಂಗಳಲ್ಲಿ ಒಂದು ನಿರ್ಧಾರದ ಮಾತು ಅವರ ಬಾಯಿಂದ ಹೊರಟಿದ್ದರೆ, ಅದು ಯಾವ ಕಡೆಗೇ ಆಗಿರಲಿ, ಉಳಿದ ಮೂರುವರೆ ತಿಂಗಳಿನ ಅವಮಾನವು ತಪ್ಪುತ್ತಿದ್ದಿತು.

ಅವಮಾನವು ಸಣ್ಣದಾಗಿರಲಿಲ್ಲ. ‘ಅಳುಬುರುಕರು’ ಎಂಬ ಹೆಸರು ಹುಟ್ಟಿ ದೇಶವೆಲ್ಲ ಹಬ್ಬಿತು. ಹೋದ ಊರಿನಲ್ಲೆಲ್ಲ ಪ್ರೇಕ್ಷಕರು ಹಾಲುಕುಡಿಯುವ ಬಾಟಲಿಗಳನ್ನು ತೂಗಹಾಕುವರು. ಎಳೆಮಕ್ಕಳ ಬಟ್ಟೆಗಳನ್ನು ಬೀಸುವರು. ಡೆಟ್ರಾಯಿಟ್ ರೈಲ್ವೆ ನಿಲ್ದಾಣದಲ್ಲಿ ಇಳಿದಾಗ ಮೊಟ್ಟೆ, ಟೊಮ್ಯಾಟೋಗಳ ಸ್ವಾಗತ. ಇಷ್ಟರಲ್ಲಿಯೂ ತಂಡವು ಗೆಲ್ಲುತ್ತಲೇ ಇದ್ದಿತೆಂಬುದು ಆಶ್ಚರ್ಯ. ಆಗಸ್ಟಿನಲ್ಲಿ ಐದೂವರೆ ಆಟಗಳಷ್ಟು ಮುಂದಿದ್ದರು. ಬೆಂಚಿನಿಂದ ಬಂದ ಸಂಜ್ಞೆಗಳನ್ನು ಬದಿಗಿಟ್ಟು ಆಟಗಾರರು ತಮ್ಮತಮ್ಮೊಳಗೇ ಬೇರೆ ಸಂಜ್ಞೆಗಳನ್ನು ಮಾಡಿಕೊಂಡಿದ್ದರೆಂದು ಹೇಳುವವರುಂಟು. ನಿಜವಾಗಿದ್ದರೆ, ಒಂದು ಬಂಡಿಗೆ ಇಬ್ಬರು ಸಾರಥಿಗಳು. ಸೆಪ್ಟೆಂಬರಿನ ಹೊತ್ತಿಗೆ ಬಂಡಿ ಕುಂಟತೊಡಗಿತು.

ಕೊನೆಯ ಮೂರು ಆಟಗಳು ಕ್ಲೀವ್‌ಲೆಂಡಿನಲ್ಲಿಯೇ, ಡೆಟ್ರಾಯಿಟ್ಟಿನವರ ಮೇಲೆಯೇ. ಡೆಟ್ರಾಯಿಟ್ ಎರಡು ಆಟ ಮುಂದೆ. ಒಂದು ಗೆದ್ದರೆ ಅವರಿಗೆ ಸಾಕು. ಸೆಪ್ಟೆಂಬರ್ 27ರಂದು ಫೆಲರನ ಎದುರಿಗೆ ತಮ್ಮ ಉತ್ತಮರನ್ನು ವ್ಯರ್ಥಮಾಡುವುದೇಕೆಂದು ಅವರು ಫ್ಲಾಯ್ಡ್ ಗೀಬೆಲ್ ಎಂಬ ಹೆಸರು ಕೇಳದ ಮನುಷ್ಯನನ್ನು ಕಳುಹಿಸಿದರು. ಪ್ರೇಕ್ಷಕರು ಮೈದಾನದೊಳಕ್ಕೆ ಹಣ್ಣು ತರಕಾರಿಗಳನ್ನು ಎಸೆದರು. ಮೇಲಿನ ಅಂತಸ್ತಿನಿಂದ ಬಿದ್ದ ಬುಟ್ಟಿಯೊಂದು ಡೆಟ್ರಾಯಿಟ್ಟಿನ ಬರ್ಡೀ ಟೆಬೆಟ್ಸರ ತಲೆಗೆ ತಗುಲಿ ಅವರು ಎಚ್ಚರ ತಪ್ಪಿದರು. ಫೆಲರನು ಕೊಟ್ಟದ್ದು ಮೂರೇ ಹಿಟ್ಟುಗಳು. ಅವುಗಳಲ್ಲೊಂದು ರೂಡೀ ಯಾರ್ಕರ ಹೋಮ್‌ರನ್. ಎಡಗಡೆಯ ಗೆರೆಯ ಮಗ್ಗುಲಲ್ಲಿ ಹೇಗೋ ಬೇಲಿಯನ್ನು ದಾಟಿತು. 2–0. ಗೀಬೆಲರು ದೊಡ್ಡ ಲೀಗಿನಲ್ಲಿ ಮತ್ತೊಂದು ಆಟವನ್ನು ಗೆಲ್ಲಲಿಲ್ಲ. ಅವರಿಗೆ ಅದರ ಅವಶ್ಯಕತೆಯೂ ಇರಲಿಲ್ಲ. ಉಳಿದೆರಡನ್ನೂ ಕ್ಲೀವ್‌ಲೆಂಡಿನವರೇ ಗೆದ್ದರು. ಒಟ್ಟು ಲೆಕ್ಕ: ಡೆಟ್ರಾಯಿಟ್ 90, ಕ್ಲೀವ್‌ಲೆಂಡ್ 89.

ಒಂದೇ ಒಂದು ಆಟ! ಅದನ್ನು ಯಾರು ಕಳೆದರೆಂಬ ವಾದವು ಆ ಊರಿನಲ್ಲಿ ಬಹುಕಾಲ ನಡೆಯಿತು. ಆಟಗಾರರು ಬಾಯಿ ಮುಚ್ಚಿಕೊಂಡಿದ್ದರೆ ಗೆಲ್ಲುತ್ತಿದ್ದರೆಂದು ಕೆಲವರು. ಮಾಲಿಕರು ಬಾಯಿ ತೆರೆದಿದ್ದರೆ ಗೆಲ್ಲುತ್ತಿದ್ದರೆಂದು ಕೆಲವರು. ನಾವು ಎರಡನೆಯವರ ಪಕ್ಷ. ಆದರೆ ಮೊದಲನೆಯವರ ಮಾತಿನಲ್ಲಿಯೂ ಸ್ವಲ್ಪ ಸತ್ಯಾಂಶವಿಲ್ಲದಿಲ್ಲ. ಲೀಗಿನ ಮುಂಚೂಣಿಗೆ ಸ್ಪರ್ಧಿಸುತ್ತಿದ್ದ ಕಾಲದಲ್ಲಿ, ಸೋತು ಬಂದ ರೈಲಿನ ದಣಿವಿನಲ್ಲಿ, ಗುಂಪಾಗಿ ಹೋದದ್ದು ಆತುರವಾಯಿತು. ಹಾರ್ಡರರೊಬ್ಬರೇ ಹೋಗಿದ್ದರೆ ಬ್ರಾಡ್ಲಿಯವರಿಗೆ ಮುಖವುಳಿಸಿಕೊಳ್ಳುವ ಅವಕಾಶವಿರುತ್ತಿದ್ದಿತೋ ಏನೋ.

ವರ್ಷವು ಮುಗಿದ ಬಳಿಕ ವಿಟ್ಟರನ್ನು ತೆಗೆದುಹಾಕಿದರು. ಜೂನ್‌ನಲ್ಲಿ ಮಾಡಬೇಕಾಗಿದ್ದುದು ಲಾಭವೇನೂ ಉಳಿಯದ ಮೇಲೆ ನಡೆಯಿತು. ದೊಡ್ಡ ಲೀಗಿನಲ್ಲಿ ಅವರಿಗೆ ಮತ್ತೆ ಮ್ಯಾನೇಜರರ ಹುದ್ದೆ ದೊರೆಯಲಿಲ್ಲ. ಅವರ ಸ್ಥಾನಕ್ಕೆ ಬಂದ ರಾಜರ್ ಪೆಕಿನ್‌ಪಾರದೂ ಒಂದೇ ವರ್ಷ. 1941ರ ನವೆಂಬರಿನಲ್ಲಿ ಬ್ರಾಡ್ಲಿಯವರು ತಮ್ಮ ಸ್ವಭಾವಕ್ಕೆ ಮೀರಿದ ಧೈರ್ಯವನ್ನು ತೋರಿಸಿ, ನಿಯೋಗದಿಂದ ದೂರವಿಡಲ್ಪಟ್ಟಿದ್ದ ಲೂ ಬೂಡ್ರೊ ಅವರನ್ನೇ ಮ್ಯಾನೇಜರರನ್ನಾಗಿ ನೇಮಿಸಿದರು. ವಯಸ್ಸು ಇಪ್ಪತ್ತನಾಲ್ಕು. ಅವರು ಬೆಂಚಿನ ಮೇಲೆ ಕೂಡಲಿಲ್ಲ. ಆಟಗಾರರ ನಡುವೆ ನಿಂತು ತಾವೂ ಆಡುತ್ತ, ತಾವೂ ತಪ್ಪುತ್ತ ತಂಡವನ್ನು ನಡೆಯಿಸಿದರು. ಆರು ವರ್ಷ ಗೆಲುವು ದೊರೆಯದಿದ್ದರೂ ಅವರನ್ನು ತೆಗೆಯಬೇಕೆಂದು ಯಾವ ನಿಯೋಗವೂ ಹೊರಡಲಿಲ್ಲ. 1947ರಲ್ಲಿ ಹೊಸ ಮಾಲಿಕರು ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಡುವ ಯೋಚನೆ ಮಾಡಿದಾಗ ಊರಿನ ಜನರೇ ಎದ್ದು ಅದನ್ನು ತಡೆದರು.

1948ರಲ್ಲಿ ಕ್ಲೀವ್‌ಲೆಂಡ್ ತಂಡವು ಬಾಸ್ಟನ್ ಬ್ರೇವ್ಸರನ್ನು ಸೋಲಿಸಿ ‘ವರ್ಲ್ಡ್ ಸೀರೀಸ್’ ಪದವಿಯನ್ನು ಪಡೆಯಿತು. ಫೆಲರನಿನ್ನೂ ತಂಡದಲ್ಲಿದ್ದನು. ಇಪ್ಪತ್ತು ವರ್ಷ ಆ ಒಂದೇ ಊರಿಗೆ ಚೆಂಡೆಸೆದು ಅಂತಹ ಪಂದ್ಯವೊಂದನ್ನೂ ಆಡಲಾಗದೆ ಹಿಂದಿನ ವರ್ಷವೇ ನಿವೃತ್ತರಾಗಿದ್ದ ಮೆಲ್ ಹಾರ್ಡರರು, ಎಳೆಯ ಚೆಂಡೆಸೆಗಾರರಿಗೆ ಕಲಿಸುವ ಶಿಕ್ಷಕರಾಗಿ ಅದೇ ತಂಡದಲ್ಲಿ ಉಳಿದಿದ್ದರು.