ದೂರು ಆಲಿಸುವವರು: ಮೆಣಸೆಯಿಂದ ದೆಹಲಿಯವರೆಗಿನ ಒಂದು ವ್ಯವಸ್ಥೆ

ಶೃಂಗೇರಿಗೆ ಹತ್ತಿರದ ಮೆಣಸೆಯಲ್ಲಿರುವ ರಾಜೀವ್ ಗಾಂಧಿ ಪರಿಸರವು ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ಅಂಗವಾಗಿ 1992ರಲ್ಲಿ ಆರಂಭವಾಯಿತು. 1970ರಲ್ಲಿ ದೆಹಲಿಯಲ್ಲಿ ಸ್ಥಾಪನೆಗೊಂಡ ಆ ಸಂಸ್ಥಾನವು ಸಂಸತ್ತಿನ ಕಾಯ್ದೆಯ ಬಲದಿಂದ 2020ರಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯವಾದ ಮೇಲೆ, ಮೆಣಸೆಯಲ್ಲಿ ವ್ಯಾಕರಣವನ್ನೋ ನ್ಯಾಯಶಾಸ್ತ್ರವನ್ನೋ ಓದುವ ವಿದ್ಯಾರ್ಥಿಯು ಜಮ್ಮು, ಪುರಿ, ಜೈಪುರ, ಗುರುವಾಯೂರುಗಳ ವಿದ್ಯಾರ್ಥಿಗಳೊಡನೆ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದವನಾದನು. ಪಾಠ ನಡೆಯುವುದು ತುಂಗೆಯ ಸೀಮೆಯಲ್ಲಾದರೂ ಅಂತಿಮ ತೀರ್ಮಾನಗಳು ಹೊರಡುವುದು ದೆಹಲಿಯ ಜನಕಪುರಿಯಿಂದ. ಆದುದರಿಂದ ಶಿಷ್ಯವೇತನ ತಡವಾದಾಗ ಅಥವಾ ಫಲಿತಾಂಶ ಬಾರದೆ ಉಳಿದಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಬೇರೆ ಕಡೆಗಿಂತ ಹೆಚ್ಚಿನ ತೂಕವಿದೆ.

ಈ ಪ್ರಶ್ನೆಗೆ ಕಾನೂನಿನ ಉತ್ತರವಿರುವುದು ವಿಶ್ವವಿದ್ಯಾಲಯ ಅನುದಾನ ಆಯೋಗವು 2023ರ ಏಪ್ರಿಲ್‌ನಲ್ಲಿ ಹೊರಡಿಸಿದ, ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಸಂಬಂಧಿಸಿದ ನಿಯಮಾವಳಿಯಲ್ಲಿ. ಅದರಲ್ಲಿ ಎರಡು ಹಂತಗಳಿವೆ: ಸಂಸ್ಥೆಯೊಳಗಿನ ಕುಂದುಕೊರತೆ ನಿವಾರಣಾ ಸಮಿತಿ ಮೊದಲನೆಯದು, ಅದರ ತೀರ್ಮಾನದಿಂದ ಸಮಾಧಾನಗೊಳ್ಳದವರ ಮೇಲ್ಮನವಿ ಕೇಳುವ, ಸಂಸ್ಥೆಯ ಹೊರಗಿನ ವ್ಯಕ್ತಿಯಾದ ಓಂಬುಡ್ಸ್‌ಪರ್ಸನ್ ಎರಡನೆಯದು. ಆಡಳಿತದ ವಿರುದ್ಧದ ದೂರನ್ನು ಸ್ವತಂತ್ರ ಅಧಿಕಾರಿಯೊಬ್ಬನು ಕೇಳಬೇಕೆಂಬ ಈ ಕಲ್ಪನೆ 1809ರ ಸ್ವೀಡನ್ ಸಂವಿಧಾನದಿಂದ ಬಂದುದು. ಕರ್ನಾಟಕದವರಿಗೆ ಅದು 1984ರ ಕಾಯ್ದೆಯಿಂದ ಹುಟ್ಟಿದ ಲೋಕಾಯುಕ್ತದ ರೂಪದಲ್ಲಿ ಪರಿಚಿತವಾಗಿದೆ. ವಿಶ್ವವಿದ್ಯಾಲಯಗಳೊಳಗೆ ಅದು ಕಾಲಿಟ್ಟುದು 1960ರ ದಶಕದಲ್ಲಿ, ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಂಥ ಕಡೆಗಳಲ್ಲಿ.

ನಿಯಮಾವಳಿಯ ಅರ್ಥದಲ್ಲಿ ಕುಂದುಕೊರತೆಯೆಂದರೆ ಬರಿಯ ಅಸಮಾಧಾನವಲ್ಲ. ಪ್ರವೇಶದಲ್ಲಿ ಅಕ್ರಮ, ಮೀಸಲಾತಿಯ ಉಲ್ಲಂಘನೆ, ಪರೀಕ್ಷೆ ಮತ್ತು ಫಲಿತಾಂಶಗಳ ವಿಳಂಬ, ಶಿಷ್ಯವೇತನ ಕೊಡದಿರುವುದು, ಕಾಲೇಜು ಬಿಟ್ಟವರ ಶುಲ್ಕವನ್ನು ಮರಳಿಸದಿರುವುದು, ಶುಲ್ಕ ವಸೂಲಿಗಾಗಿ ಅಂಕಪಟ್ಟಿ ಮುಂತಾದ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವುದು, ಜಾತಿ, ಲಿಂಗ, ಅಂಗವೈಕಲ್ಯಗಳ ಕಾರಣಕ್ಕೆ ತಾರತಮ್ಯ ಇವೆಲ್ಲ ಅದರೊಳಗೆ ಸೇರುತ್ತವೆ. ರ‍್ಯಾಗಿಂಗ್‌ಗೂ ಲೈಂಗಿಕ ಕಿರುಕುಳಕ್ಕೂ ಪ್ರತ್ಯೇಕ ನಿಯಮಗಳೂ ಸಮಿತಿಗಳೂ ಇವೆ.

ಸಮಿತಿಯ ಅಧ್ಯಕ್ಷರು ಪ್ರಾಧ್ಯಾಪಕರಾಗಿರಬೇಕು. ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು ಸದಸ್ಯರು. ಇವರಲ್ಲಿ ಒಬ್ಬರಾದರೂ ಮಹಿಳೆಯೂ, ಒಬ್ಬರಾದರೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದವರೂ ಇರಬೇಕು. ಓದು, ಕ್ರೀಡೆ ಅಥವಾ ಸಾಂಸ್ಕೃತಿಕ ಚಟುವಟಿಕೆಯಲ್ಲಿ ಮುಂದಿರುವ ಒಬ್ಬ ವಿದ್ಯಾರ್ಥಿಯು ವಿಶೇಷ ಆಹ್ವಾನಿತನಾಗಿ ಒಂದು ವರ್ಷ ಕುಳಿತುಕೊಳ್ಳುತ್ತಾನೆ. ಉಳಿದವರ ಅವಧಿ ಎರಡು ವರ್ಷ. ದೂರು ಬಂದ ಹದಿನೈದು ಕೆಲಸದ ದಿನಗಳೊಳಗೆ ಸಮಿತಿಯು ವರದಿ ಕೊಡಬೇಕು. ವಿಚಾರಣೆಯು ಸಹಜ ನ್ಯಾಯದ ತತ್ತ್ವಗಳಿಗೆ, ಅಂದರೆ ಎರಡೂ ಕಡೆಯವರ ಮಾತು ಕೇಳಬೇಕು, ತನ್ನದೇ ಪ್ರಕರಣದಲ್ಲಿ ಯಾರೂ ತೀರ್ಪುಗಾರರಾಗಬಾರದು ಎಂಬ ಎರಡು ಸೂತ್ರಗಳಿಗೆ ಒಳಪಟ್ಟಿರಬೇಕು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಪೂರ್ವಪಕ್ಷವಾಗಿ ಮಂಡಿಸಿದ ಬಳಿಕವೇ ಸಿದ್ಧಾಂತಕ್ಕೆ ಬರಬೇಕೆಂದು ಕಲಿಸುವ ಶಾಸ್ತ್ರಾಧ್ಯಾಪಕರಿಗೆ ಮೊದಲ ಸೂತ್ರವು ಹೊಸದೇನಲ್ಲ. ಎರಡನೆಯದೇ ಕಠಿಣ. ಚಿಕ್ಕ ವಸತಿ ಆವರಣದಲ್ಲಿ ಬೆಳಿಗ್ಗೆ ಪಾಠ ಹೇಳಿದವರೇ ಮಧ್ಯಾಹ್ನ ದೂರು ಕೇಳಬೇಕಾಗಬಹುದು, ದೂರಿಗೆ ಗುರಿಯಾದವರು ಅವರ ಪಕ್ಕದ ಕೋಣೆಯ ಸಹೋದ್ಯೋಗಿಯೇ ಆಗಿರಬಹುದು. ಗುರುವಿನ ಎದುರು ದನಿ ಎತ್ತುವುದನ್ನು ಅವಿನಯವೆಂದು ಕಾಣುವ ಪರಂಪರೆಯ ವಿದ್ಯಾಲಯಗಳಲ್ಲಂತೂ ದೂರು ಬರೆಯುವುದಕ್ಕೇ ಎದೆಗಾರಿಕೆ ಬೇಕು.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಹೊರಗಿನವರೊಬ್ಬರ ಕಲ್ಪನೆ ಇರುವುದು. ಓಂಬುಡ್ಸ್‌ಪರ್ಸನ್ ಆಗಲು ನಿವೃತ್ತ ಕುಲಪತಿಯೋ, ಹತ್ತು ವರ್ಷ ಪ್ರಾಧ್ಯಾಪಕರಾಗಿದ್ದು ಡೀನ್ ಅಥವಾ ವಿಭಾಗ ಮುಖ್ಯಸ್ಥರಾಗಿ ಕೆಲಸ ಮಾಡಿದ ನಿವೃತ್ತರೋ, ಮಾಜಿ ಜಿಲ್ಲಾ ನ್ಯಾಯಾಧೀಶರೋ ಆಗಿರಬೇಕು. ಅವಧಿ ಮೂರು ವರ್ಷ ಅಥವಾ ಎಪ್ಪತ್ತು ವಯಸ್ಸು ತುಂಬುವವರೆಗೆ; ಇನ್ನೊಂದು ಅವಧಿಗೆ ಮರುನೇಮಕಕ್ಕೆ ಅವಕಾಶವಿದೆ. ನೇಮಿಸುವುದು ವಿಶ್ವವಿದ್ಯಾಲಯವೇ ಆದರೂ ತೆಗೆದುಹಾಕುವುದು ಅದರ ಇಚ್ಛೆಗೆ ಬಿಟ್ಟುದಲ್ಲ. ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಿಂತ ಕೆಳಗಿನವರಲ್ಲದ ವ್ಯಕ್ತಿಯಿಂದ ವಿಚಾರಣೆ ನಡೆದ ಹೊರತು ಅವರನ್ನು ಪದಚ್ಯುತಗೊಳಿಸುವಂತಿಲ್ಲ. ಇಡೀ ನಿಯಮಾವಳಿಯಲ್ಲಿ ಅತ್ಯಂತ ಮುಂದಾಲೋಚನೆಯಿಂದ ಬರೆದ ವಾಕ್ಯವಿದೆಂದರೆ ತಪ್ಪಾಗದು. ಸಮಿತಿಯ ತೀರ್ಮಾನ ಬಂದ ಹದಿನೈದು ದಿನಗಳೊಳಗೆ ಮೇಲ್ಮನವಿ ಸಲ್ಲಬೇಕು, ಅದು ತಲುಪಿದ ಮೂವತ್ತು ದಿನಗಳೊಳಗೆ ಅವರು ಇತ್ಯರ್ಥಕ್ಕೆ ಯತ್ನಿಸಬೇಕು. ತಾರತಮ್ಯದ ದೂರುಗಳಲ್ಲಿ ನ್ಯಾಯಾಲಯಗಳಲ್ಲಿರುವಂತೆ ಅಮಿಕಸ್ ಕ್ಯೂರಿಯ, ಅಂದರೆ ಯಾವ ಪಕ್ಷಕ್ಕೂ ಸೇರದೆ ವಿಚಾರಣೆಗೆ ನೆರವಾಗುವ ತಜ್ಞರ, ಸಹಾಯ ಪಡೆಯಬಹುದು. ಆದರೆ ಉತ್ತರಪತ್ರಿಕೆಗೆ ಇನ್ನಷ್ಟು ಅಂಕ ಬೇಕೆಂಬ ಬೇಡಿಕೆಯನ್ನು ಅವರು ಕೇಳುವುದಿಲ್ಲ. ನಿರ್ದಿಷ್ಟ ಅಕ್ರಮವೋ ತಾರತಮ್ಯವೋ ಕಂಡುಬಂದರೆ ಮಾತ್ರ ಮೌಲ್ಯಮಾಪನದ ವಿಷಯ ಅವರ ಮುಂದೆ ಬರುತ್ತದೆ.

ಆದರೂ ಇದು ಅರೆಕಾಲಿಕ ಹುದ್ದೆ. ಸಂಭಾವನೆ ಸಿಗುವುದು ಕುಳಿತ ಕಲಾಪಗಳ ಲೆಕ್ಕದಲ್ಲಿ. ಅಮೆರಿಕ, ಕೆನಡಾಗಳ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನ ಕಚೇರಿಗೆ ಪೂರ್ಣಾವಧಿಯ ಸಿಬ್ಬಂದಿ ಇರುತ್ತಾರೆ. ಅವರು ತೀರ್ಪು ಕೊಡುವುದಿಲ್ಲ, ದೂರು ದಾಖಲಿಸುವಂತೆ ಒತ್ತಾಯಿಸುವುದಿಲ್ಲ; ಸ್ವಾತಂತ್ರ್ಯ, ನಿಷ್ಪಕ್ಷಪಾತ, ಗೋಪ್ಯತೆ, ಅನೌಪಚಾರಿಕತೆ ಎಂಬ ನಾಲ್ಕು ನೀತಿಗಳಿಗೆ ಬದ್ಧರಾಗಿ, ಬಂದವರ ಮಾತು ಕೇಳಿ ಯಾವ ದಾರಿಗಳಿವೆಯೆಂದು ತಿಳಿಸುತ್ತಾರೆ. ಭಾರತದ ವ್ಯವಸ್ಥೆ ಮೇಲ್ಮನವಿ ನ್ಯಾಯಾಲಯದ ಮಾದರಿಯದಾದ್ದರಿಂದ, ದೂರು ಬರೆಯಬೇಕೋ ಬೇಡವೋ ಎಂದು ಅಳುಕುತ್ತಿರುವ ವಿದ್ಯಾರ್ಥಿಗೆ ಮೊದಲ ಮಾತು ಹೇಳುವ ಹುದ್ದೆಯೇ ಅದರಲ್ಲಿಲ್ಲ. ಆ ಕೆಲಸ ಲಿಖಿತ ಆದೇಶವಿಲ್ಲದೆ ಬೀಳುವುದು ಹಾಸ್ಟೆಲ್ ವಾರ್ಡನ್ನರ ಮೇಲೆ, ಪರೀಕ್ಷಾ ವಿಭಾಗದ ಗುಮಾಸ್ತರ ಮೇಲೆ, ದೂರು ಪಡೆದು ಸ್ವೀಕೃತಿ ಕೊಡುವ ಕಚೇರಿ ಸಹಾಯಕರ ಮೇಲೆ. ಅವರು ದಿನಾಂಕ ಹಾಕಿ ಸ್ವೀಕೃತಿ ಕೊಡದಿದ್ದರೆ ಹದಿನೈದು ದಿನಗಳ ಗಡುವನ್ನು ಯಾವಾಗಿನಿಂದ ಎಣಿಸಬೇಕೆಂಬುದೇ ವಿವಾದವಾಗುತ್ತದೆ.

ಕೊಪ್ಪ, ನರಸಿಂಹರಾಜಪುರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳ ದಾರಿ ಬೇರೆ. ಆ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದುದರಿಂದ ಅವರ ಮೊದಲ ಹಂತ ಕಾಲೇಜಿನ ಸಮಿತಿ, ಮೇಲ್ಮನವಿ ಶಂಕರಘಟ್ಟದ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ. ಆ ಹುದ್ದೆಯನ್ನು ತುಂಬದಿದ್ದ 157 ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವು 2024ರ ಜೂನ್‌ನಲ್ಲಿ ಬಹಿರಂಗಪಡಿಸಿತು. ನಿಯಮ ಪಾಲಿಸದ ಸಂಸ್ಥೆಯ ಅನುದಾನದ ಅರ್ಹತೆಯನ್ನೇ ಹಿಂದೆಗೆದುಕೊಳ್ಳುವ ಅಧಿಕಾರವೂ ಅದಕ್ಕಿದೆ.